ನಾಯಿ ಮಾರ್ಕಿನ ರೆಕಾರ್ಡಿಗೆ ಸೂಜಿ ಇಡುವ ಮುಂಚೆ

ತಮ್ಮಾ,

ನಿಮ್ಮಜ್ಜನ ಮೈಕ್‌ಸೆಟ್ಟಿನ ರೆಕಾರ್ಡುಗಳು ಅಟ್ಟದಿಂದ ಕೆಳಗಿಳಿದಿವೆ ಎಂದು ಕೇಳಿದೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಪೆನ್‌ಡ್ರೈವಿಗೆ ತುಂಬುತ್ತೇನೆ ಅನ್ನುವ ನಿನ್ನ ಹುರುಪು ಒಳ್ಳೆಯದೇ. ಆದರೆ ಒಂದು ಮಾತು ಕೇಳು. ರೆಕಾರ್ಡಿನ ಪೆಟ್ಟಿಗೆಯ ಜೊತೆಗೇ ಸಿಕ್ಕಿರುವ ಹಳೆಯ ಪ್ಲೇಯರ್ ಮೇಲೆ ಒಂದನ್ನು ಹಚ್ಚಿ, ಹಾಡುತ್ತದೋ ಇಲ್ಲವೋ ನೋಡೋಣ ಎಂದು ಪರೀಕ್ಷೆಗೆ ಇಳಿಯಬೇಡ. ಮೊಂಡಾದ ಸೂಜಿ ಒಂದು ಸಲ ಓಡಿದರೂ ಗೆರೆಯ ಗೋಡೆಯನ್ನು ಕೆರೆದು ಹೋಗುತ್ತದೆ. ಹಾಗೆ ಹೋದ ದನಿ ಯಾವ ಕಂಪ್ಯೂಟರಿನಿಂದಲೂ ಮರಳಿ ಬರುವುದಿಲ್ಲ.

ಮೈಕ್‌ಸೆಟ್ಟಿನ ರೆಕಾರ್ಡುಗಳು ಮೊದಲೇ ಬಹಳ ದುಡಿದವು. ಮದುವೆ, ಜಾತ್ರೆ, ನಾಟಕ, ಚುನಾವಣೆ, ಎಲ್ಲಕ್ಕೂ ಅವೇ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಲ್ಲಿ ಕೂಗುತ್ತಿದ್ದವು. ಸೂಜಿ ಬದಲಿಸಲು ಯಾರಿಗೆ ಪುರಸೊತ್ತು? ಹೀಗಾಗಿ ನಿನ್ನ ಪೆಟ್ಟಿಗೆಯಲ್ಲಿ ಜನ ಹೆಚ್ಚು ಕೇಳಿದ್ದೇ ಹೆಚ್ಚು ಸವೆದಿರುತ್ತದೆ, ಯಾರೂ ಕೇಳದ್ದು ಹೊಸದರಂತೆ ಇರುತ್ತದೆ. ಇದು ನಿನಗೆ ಲಾಭ. ಹೇಗೆ ಅಂತೀಯಾ?

ಮೊದಲು ವಿಂಗಡಿಸು. ರಾಯಚೂರು ಸೀಮೆ 1948ರವರೆಗೆ ನಿಜಾಮನ ಕೈಯಲ್ಲಿದ್ದದ್ದು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೇ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಕವ್ವಾಲಿಯ ಪಕ್ಕ ತೆಲುಗು ಸಿನಿಮಾ, ಅದರ ಕೆಳಗೆ ಕನ್ನಡದ ನಾಟಕದ ಪದ ಸಿಗುತ್ತವೆ. ಸಿನಿಮಾ ಹಾಡುಗಳನ್ನು ಸದ್ಯಕ್ಕೆ ಪಕ್ಕಕ್ಕಿಡು. ಹೆಸರಾದ ಹಾಡುಗಳ ಮೂಲ ಟೇಪು ಕಂಪನಿಗಳ ಹತ್ತಿರ ಇರುತ್ತದೆ; ನೀನು ರಾತ್ರಿಯೆಲ್ಲ ಕೂತು ಮಾಡಿದ್ದಕ್ಕಿಂತ ಚೊಕ್ಕವಾದ ಪ್ರತಿ ಮೊಬೈಲಿನಲ್ಲೇ ಇದೆ. ನಿನ್ನ ಶ್ರಮ ಸಲ್ಲಬೇಕಾದದ್ದು ವಚನ, ದಾಸರ ಪದ, ನಾಟಕದ ಸೆಟ್ಟು, ಹೆಸರೇ ಕೇಳದ ಗಾಯಕರ ಭಜನೆ ಇಂಥವಕ್ಕೆ. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ ಎಲ್ಲ ನಮ್ಮ ಸುತ್ತಲೇ ಇವೆ. ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರು ಇದೇ ಜಿಲ್ಲೆಯವರು; ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಈ ಮಣ್ಣಿನ ಪದಗಳನ್ನು ಯಾರೋ ಎಲ್ಲೋ ಹಾಡಿದ ರೆಕಾರ್ಡು ನಿನ್ನ ಪೆಟ್ಟಿಗೆಯ ತಳದಲ್ಲಿದ್ದರೆ ಅದರ ಇನ್ನೊಂದು ಪ್ರತಿ ಉಳಿದಿದೆಯೆಂಬ ಭರವಸೆ ಇಲ್ಲ. ಹೆಚ್ಚು ಜನ ಕೇಳದ್ದರಿಂದ ಅಂಥವೇ ಕಡಿಮೆ ಸವೆದಿರುತ್ತವೆ, ಲಾಭ ಅಂದದ್ದು ಅದಕ್ಕೇ. ಅಲ್ಲಿಂದ ಶುರು ಮಾಡು.

ಎರಡನೆಯ ವಿಂಗಡಣೆ ಕೈಯಿಂದ. ದಪ್ಪಗೆ, ಭಾರವಾಗಿ, ಬಗ್ಗಿಸಿದರೆ ಬಗ್ಗದೆ ಇರುವವು, ಲೇಬಲ್ ಮೇಲೆ 78 ಎಂದು ಬರೆದವು ಅರಗಿನ ರೆಕಾರ್ಡು. ಅರಗು, ಕಲ್ಲಿನ ಪುಡಿ, ಕಾಡಿಗೆ ಕಲಸಿ ಒತ್ತಿದ ತಟ್ಟೆ ಅದು. ನಾಯಿ ಮಾರ್ಕಿನ ಎಚ್‌ಎಂವಿಯವರು ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಿಂದ 1960ರ ದಶಕದ ಕೊನೆಯವರೆಗೂ ಇಂಥವನ್ನು ಕಳಿಸುತ್ತಿದ್ದರು. ಕೈತಪ್ಪಿದರೆ ಚೂರುಚೂರು. ತೆಳ್ಳಗೆ, ಸ್ವಲ್ಪ ಬಳುಕುವಂತೆ ಇರುವ ಎಲ್‌ಪಿ, ಇಪಿಗಳು ವಿನೈಲ್. ಒಂದು ನಿಮಿಷಕ್ಕೆ 33⅓ ಅಥವಾ 45 ಸುತ್ತು. ಬಿದ್ದರೆ ಒಡೆಯದಿದ್ದರೂ ಏಪ್ರಿಲ್ ಬಿಸಿಲಿಗೆ ಸೊಟ್ಟಗಾಗುತ್ತವೆ. ನಮ್ಮ ಬಿಸಿಲು ಗೊತ್ತಲ್ಲ? ಕಾರಿನ ಹಿಂದಿನ ಸೀಟಿನಲ್ಲಿ ಮಧ್ಯಾಹ್ನ ಇಟ್ಟು ಬಂದರೆ ಸಂಜೆಗೆ ಹಪ್ಪಳ. ಎರಡನ್ನೂ ನಿಲ್ಲಿಸಿಯೇ ಇಡು, ಒಂದರ ಮೇಲೊಂದು ಪೇರಿಸಬೇಡ.

ತೊಳೆಯುವ ವಿಷಯಕ್ಕೆ ಬಂದರೆ, ಎರೆಮಣ್ಣಿನ ದೂಳು ಹಿಟ್ಟಿನಂಥದ್ದು, ಗೆರೆಯೊಳಗೆ ಕೂತರೆ ಒಣಬಟ್ಟೆಗೆ ಬಗ್ಗುವುದಿಲ್ಲ. ಒಣಬಟ್ಟೆಯಿಂದ ತಿಕ್ಕಿದರೆ ಅದೇ ದೂಳು ಉಪ್ಪುಕಾಗದದಂತೆ ಗೀರುತ್ತದೆ. ಬೋರಿನ ನೀರೂ ಬೇಡ. ಒಣಗಿದ ಮೇಲೆ ಬಿಳಿ ಉಪ್ಪು ಗೆರೆಯಲ್ಲೇ ಉಳಿಯುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಸಾಕು. ಮೆತ್ತನೆಯ ಬ್ರಷ್ ಹಿಡಿದು ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಆಡಿಸು, ನಡುವಿನ ಕಾಗದದ ಲೇಬಲ್ ತೋಯಿಸಬೇಡ. ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆದು, ನೆರಳಲ್ಲಿ ತಾಟು ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಒಣಗಿಸು. ಸ್ಪಿರಿಟ್, ಸ್ಯಾನಿಟೈಜರ್ ಅರಗಿನ ರೆಕಾರ್ಡಿನ ಹತ್ತಿರವೂ ಸುಳಿಯಬಾರದು. ಬಡಿಗೇರರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಬಾಗಿಲಿಗೆ ಪಾಲಿಶ್ ಹೊಡೆಯುವುದು. ನಿನ್ನ ರೆಕಾರ್ಡೂ ಹಾಗೇ ಕರಗುತ್ತದೆ.

ಇನ್ನು ಪ್ಲೇಯರ್. ಅಂದಚೆಂದದ ಸೂಟ್‌ಕೇಸ್ ಪ್ಲೇಯರುಗಳನ್ನು ಅಂಗಡಿಯವರು ತೋರಿಸುತ್ತಾರೆ, ಅದರಲ್ಲೇ ಯುಎಸ್‌ಬಿ ಇದೆ ಅನ್ನುತ್ತಾರೆ. ಬೇಡ. ಅವುಗಳ ಸೆರಾಮಿಕ್ ಕಾರ್ಟ್ರಿಜ್ಜಿನ ಸೂಜಿ ರೆಕಾರ್ಡಿನ ಮೇಲೆ ಐದು ಗ್ರಾಂವರೆಗೂ ಭಾರ ಹಾಕುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ, ತೋಳಿನ ಭಾರ ಹೊಂದಿಸಬಹುದಾದ ಟರ್ನ್‌ಟೇಬಲ್ ಕೊಳ್ಳು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಎಲ್‌ಪಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ ಸಾಕು. ಆ ತೂಕ ನೋಡಲು ಪತ್ತಾರರ ಸಣ್ಣ ಡಿಜಿಟಲ್ ತಕ್ಕಡಿಯೇ ಸರಿ. ಮುಖ್ಯವಾದದ್ದು ಸೂಜಿಯ ತುದಿ. ಎಲ್‌ಪಿಯ ಗೆರೆಗೆ ಸುಮಾರು 18 ಮೈಕ್ರಾನ್ ತುದಿ ಬೇಕು, 78ರ ಅಗಲ ಗೆರೆಗೆ ಸುಮಾರು 76 ಮೈಕ್ರಾನ್. ಎಲ್‌ಪಿ ಸೂಜಿಯನ್ನು 78ರಲ್ಲಿ ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಕಸದಲ್ಲಿ ತೆವಳುತ್ತದೆ. ಕೇಳುವುದು ಹಾಡಲ್ಲ, ಒಗ್ಗರಣೆ ಸಿಡಿಯುವ ಸದ್ದು. ಹೆಸರಾದ ಕಾರ್ಟ್ರಿಜ್ ಕಂಪನಿಗಳು 78ಕ್ಕೆಂದೇ ಬೇರೆ ಸೂಜಿ ಮಾಡುತ್ತವೆ. ಇಡೀ ಕೆಲಸದಲ್ಲಿ ಚೌಕಾಶಿ ಮಾಡಬಾರದ ಖರ್ಚು ಅದೊಂದೇ. ಮನೆಯಲ್ಲಿರುವ ಕೀಲಿ ಕೊಡುವ ಗ್ರಾಮಫೋನನ್ನು ಮಾತ್ರ ಶೋಕೇಸಿಗೆ ಇಡು. ಅದರ ಉಕ್ಕಿನ ಮೊಳೆ ಒಂದೊಂದು ಬದಿಗೂ ಬದಲಿಸಬೇಕಾದ ಸರಕು, ಹೊತ್ತಿರುವ ಭಾರವೋ ನೂರು ಗ್ರಾಂ ದಾಟುತ್ತದೆ.

ಟರ್ನ್‌ಟೇಬಲ್ಲನ್ನು ಟೇಬಲ್ ಮೇಲೆ ಇಡಬೇಡ, ಓಡಾಡಿದರೆ ಅದುರುತ್ತದೆ. ನಿಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ. ಅದರ ದೊಡ್ಡ ಮಾಡದಲ್ಲಿ ಒಂದು ಶಹಾಬಾದ ಪರಸಿ ಹಾಸಿ ಅದರ ಮೇಲೆ ಕೂಡಿಸು. ಗೌಂಡಿಯ ಹತ್ತಿರ ರಸಮಟ್ಟ ಇಸಿದುಕೊಂಡು ಬಂದು ಉದ್ದಕ್ಕೂ ಅಡ್ಡಕ್ಕೂ ನೋಡು, ಗುಳ್ಳೆ ನಡುವೆ ನಿಲ್ಲುವವರೆಗೆ ಕಾಲ ಕೆಳಗೆ ರಟ್ಟು ತುರುಕು. ಫ್ಯಾನ್ ಆರಿಸು. ಸೆಕೆ ತಡೆಯಲಾಗದಿದ್ದರೆ ಬೆಳಗಿನ ಐದಕ್ಕೆ ಎದ್ದು ಮಾಡು. ಆ ಹೊತ್ತಿಗೆ ವೋಲ್ಟೇಜೂ ಸ್ಥಿರವಾಗಿರುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಪಕ್ಕದಲ್ಲೇ ಹೊಗೆ ಬಿಟ್ಟರೂ ನಮ್ಮೂರಿನ ಕರೆಂಟಿನ ಕಥೆ ನಿನಗೆ ನಾನು ಹೇಳಬೇಕಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸು, ಎಷ್ಟೋ ಸಲ 'ಗುಂಯ್' ಅನ್ನುವ ಸದ್ದು ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಟರ್ನ್‌ಟೇಬಲ್ಲಿನ ಅರ್ಥಿಂಗ್ ವೈರನ್ನು ಫೋನೋ ಪ್ರಿಆಂಪ್ಲಿಫೈಯರಿನ ಸ್ಕ್ರೂಗೆ ಕಟ್ಟಿದ್ದೀಯೋ ನೋಡು.

ಆ ಪ್ರಿಆಂಪ್ ಯಾಕೆ ಬೇಕು ಅಂದರೆ, ಸೂಜಿಯಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ಅಲ್ಲದೆ ರೆಕಾರ್ಡು ಕೆತ್ತುವಾಗ ದಪ್ಪ ಸ್ವರವನ್ನು ತಗ್ಗಿಸಿ ಸಣ್ಣ ಸ್ವರವನ್ನು ಏರಿಸಿರುತ್ತಾರೆ. ಅದನ್ನು ತಿರುಗಿ ಸರಿಮಾಡುವುದು ಇದರ ಕೆಲಸ. ಪ್ರಿಆಂಪಿನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಡ, ಆಡಾಸಿಟಿ ಪುಕ್ಕಟೆ ಸಿಗುತ್ತದೆ. ಜೋರಾದ ಜಾಗದಲ್ಲೂ ಮೀಟರಿನ ಮುಳ್ಳು ಮೈನಸ್ ಆರು ಡೆಸಿಬೆಲ್ ದಾಟದಂತೆ ಇಡು. ತಗ್ಗಾಗಿದ್ದರೆ ಆಮೇಲೆ ಏರಿಸಬಹುದು. ಮೇಲೆ ಬಡಿದು ಒಡೆದ ದನಿಗೆ ಮದ್ದಿಲ್ಲ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 35 ಎಂಬಿ, ಗಂಟೆಗೆ ಎರಡು ಜಿಬಿಯಷ್ಟು. ಹೆಚ್ಚಾಯಿತು ಅನ್ನಿಸಿದರೆ ಫ್ಲ್ಯಾಕ್ ಮಾಡಿ ಇಡು, ದನಿ ಒಂದು ಚೂರೂ ಕಳೆಯದೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಎಂಪಿ3 ಮಾಡುವುದು ಊರವರಿಗೆ ಹಂಚಲು ಮಾತ್ರ.

ವೇಗದ ಬಗ್ಗೆ ಸ್ವಲ್ಪ ನಿಲ್ಲಬೇಕು. 78 ಎಂದು ಕರೆದರೂ ಹಳೆಯ ರೆಕಾರ್ಡುಗಳೆಲ್ಲ ಕರಾರುವಾಕ್ಕಾಗಿ 78ರಲ್ಲಿ ಓಡಿದವಲ್ಲ. ಹಾಗಂತ ಕಿವಿಗೆ ತೋಚಿದಂತೆ ವೇಗ ಬದಲಿಸಲೂ ಬಾರದು. ಗಂಗೂಬಾಯಿ ಹಾನಗಲ್ ಅವರನ್ನೇ ತಗೋ. 1930ರ ದಶಕದಲ್ಲಿ ಅವರ ಎಚ್‌ಎಂವಿ ರೆಕಾರ್ಡುಗಳು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದವು. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಆ ದನಿ ಸಣ್ಣದು, ಎಳೆಯದು. ನಮಗೆ ಗೊತ್ತಿರುವ ಗಂಡುದನಿಯ ಗಂಗೂಬಾಯಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು, ರೆಕಾರ್ಡು ಜೋರಾಗಿ ಓಡುತ್ತಿದೆ ಎಂದು ಯಾರಾದರೂ ವೇಗ ತಗ್ಗಿಸಿದರೆ ಆ ಚರಿತ್ರೆಯೇ ಅಳಿಸಿಹೋಯಿತು. ಕಿವಿಯ ಅಂದಾಜು ಸಾಲದು. ಜೊತೆಗೆ ಹಾರ್ಮೋನಿಯಂ ಇದ್ದರೆ ಭಜನೆಯವರ ಪೇಟಿ ತರಿಸಿ ಹೋಲಿಸು; ಸ್ವರ ಪೇಟಿಯ ಅಕ್ಕಪಕ್ಕದ ಎರಡು ಮನೆಗಳ ನಡುವೆ ತೂಗಾಡುತ್ತಿದ್ದರೆ ವೇಗದ ಮೇಲೆ ಅನುಮಾನ ಪಡು. ನಿನ್ನ ಟರ್ನ್‌ಟೇಬಲ್ಲಿಗೆ 78 ಇಲ್ಲದಿದ್ದರೆ ಗಾಬರಿ ಬೇಡ. 45ರಲ್ಲಿ ತೆಗೆದು ಆಡಾಸಿಟಿಯಲ್ಲಿ 1.733 ಪಟ್ಟು ವೇಗ ಹೆಚ್ಚಿಸಬಹುದು. ಹಾಗೆ ಮಾಡಿದರೆ ಪ್ರಿಆಂಪ್ ಸರಿಪಡಿಸಿದ ದಪ್ಪ-ಸಣ್ಣ ಸ್ವರದ ಲೆಕ್ಕ ಜಾಗ ತಪ್ಪಿರುತ್ತದೆ, ಅದನ್ನೂ ತಿದ್ದಬೇಕು. 78 ಇರುವ ಯಂತ್ರವೇ ಸುಖ.

ತೆಗೆದದ್ದನ್ನು ತಕ್ಷಣ ಚೊಕ್ಕ ಮಾಡಲು ಕೂಡಬೇಡ. ಮೊದಲ ಪ್ರತಿ ಹೇಗೆ ಬಂತೋ ಹಾಗೇ ಇರಲಿ, ಚಟಪಟ ಸದ್ದಿನ ಸಮೇತ. ಎಡ-ಬಲ ಎರಡೂ ಚಾನೆಲ್ ಇರಲಿ. 78 ಮೊನೊ ಆದರೂ ಗೆರೆಯ ಒಂದು ಗೋಡೆ ಇನ್ನೊಂದಕ್ಕಿಂತ ಕಡಿಮೆ ಸವೆದಿರುತ್ತದೆ, ಆಮೇಲೆ ಒಳ್ಳೆಯದನ್ನು ಆರಿಸಬಹುದು. ಚೊಕ್ಕ ಮಾಡುವುದೆಲ್ಲ ಬೇರೆ ಪ್ರತಿಯ ಮೇಲೆ. ದೊಡ್ಡ ಟಿಕ್‌ಗಳನ್ನು ಒಂದೊಂದಾಗಿ ಕೈಯಿಂದ ತೆಗೆ. 'ನಾಯ್ಸ್ ರಿಡಕ್ಷನ್' ಬಟನ್ ಕಂಡರೆ ಈಗಿನ ಹುಡುಗರಿಗೆ ಕೈ ತುರಿಸುತ್ತದೆ. ಅದನ್ನು ಜಗ್ಗಿದಷ್ಟೂ ತಂಬೂರಿಯ ಝೇಂಕಾರ ಸಾಯುತ್ತದೆ, ಹಾಡುವವರು ಬಾವಿಯೊಳಗಿಂದ ಹಾಡಿದಂತಾಗುತ್ತದೆ. ನನ್ನನ್ನು ಕೇಳಿದರೆ ಸ್ವಲ್ಪ ಸುರಸುರ ಇರಲಿ, ಅದು ಆ ಕಾಲದ್ದೇ.

ಹಾಡು ಮುಗಿಯಿತೆಂದು ಬಾಲವನ್ನೂ ಕತ್ತರಿಸಬೇಡ. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಹಿಡಿದಾಗ ಮೇಣದ ಅಚ್ಚು ಜರ್ಮನಿಯ ಹಾನೋವರ್‌ಗೆ ಹೋಗಿ ಒತ್ತಾಗುತ್ತಿತ್ತು. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಗಾಯಕಿ ಕೊನೆಗೆ ತನ್ನ ಹೆಸರು ಹೇಳುತ್ತಿದ್ದಳು. ನಿನ್ನ ಪೆಟ್ಟಿಗೆಯಲ್ಲಿ ಅಷ್ಟು ಹಳೆಯದು ಇರಲಾರದು. ಆದರೂ ಕೊನೆಯಲ್ಲಿ ಒಂದು ಶಬ್ದ, ಒಂದು ತಬಲಾ ಪೆಟ್ಟು ಉಳಿದಿರಬಹುದು.

ಪ್ರತಿ ರೆಕಾರ್ಡಿನ ಎರಡೂ ಲೇಬಲ್ಲುಗಳ ಫೋಟೊ ಓರೆ ಬೆಳಕಿನಲ್ಲಿ ತೆಗೆ. ಲೇಬಲ್ಲಿನ ನಂಬರ್, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರುವ ಸಣ್ಣ ಮ್ಯಾಟ್ರಿಕ್ಸ್ ನಂಬರ್, ಎರಡನ್ನೂ ಫೈಲಿನ ಹೆಸರಿಗೆ ಸೇರಿಸು. 'ಭಜನೆ 3', 'ಅಜ್ಜನ ಹಾಡು ಹೊಸದು' ಎಂದು ಹೆಸರಿಟ್ಟರೆ ಹತ್ತು ವರ್ಷದ ಮೇಲೆ ನಿನಗೇ ತಿಳಿಯುವುದಿಲ್ಲ. ಲೇಬಲ್ ಹರಿದಿದ್ದರೆ ಊರಿನ ಹಿರಿಯರನ್ನು ಕೂಡಿಸಿ ಕೇಳಿಸು. ನಾಟಕದಲ್ಲಿ ಬಣ್ಣ ಹಚ್ಚಿದವರು ಮೊದಲ ಆಲಾಪಕ್ಕೇ ಹೆಸರು ಹೇಳಿಬಿಡುತ್ತಾರೆ. ಅವರು ಹೇಳಿದ್ದನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಡು. ಇದನ್ನು ಮಾತ್ರ ಮುಂದೂಡಬೇಡ, ಅಂಥವರು ವರ್ಷಕ್ಕೆ ಒಬ್ಬಿಬ್ಬರು ಕಡಿಮೆಯಾಗುತ್ತಿದ್ದಾರೆ.

ಪ್ರತಿಗಳು ಮೂರಿರಲಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ರಾಯಚೂರಿನಲ್ಲಿ ನಿನ್ನ ಅಕ್ಕನ ಮನೆಯಲ್ಲಿ. ಪೆನ್‌ಡ್ರೈವ್ ನಂಬಬೇಡ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸು. ಮನೆಯವರು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಯೂಟ್ಯೂಬಿಗೆ ಏರಿಸುವ ಮುಂಚೆ ಇಸವಿ ನೋಡು: ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೆ 60 ವರ್ಷ. ದಾಸರ, ಶರಣರ ಸಾಹಿತ್ಯಕ್ಕೆ ಆ ಎರಡನೆಯ ತೊಡಕಿಲ್ಲ. ನಿಜಕ್ಕೂ ಅಪರೂಪದ್ದು ಸಿಕ್ಕರೆ ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಶುರು ಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಜಿಕ್, ಮುಂಬಯಿಯ ರೆಕಾರ್ಡು ಸಂಗ್ರಾಹಕರ ಸಂಘ ಇಂಥವರಿಗೆ ನಂಬರ್ ಬರೆದು ವಿಚಾರಿಸು. ಗುಜರಿಯವನಿಗಂತೂ ಒಂದನ್ನೂ ಕೊಡಬೇಡ, ಫೈಲ್ ಮಾಡಿ ಮುಗಿದ ಮೇಲೂ. ಮುಂದೆ ಇನ್ನೂ ಒಳ್ಳೆಯ ಸೂಜಿ ಬರುತ್ತದೆ.

78ರ ಸೂಜಿ ಬಂದ ದಿನ ಫೋನ್ ಮಾಡು. ಪರಸಿ ಕೊಳ್ಳಲು ಹೋಗಬೇಡ, ನಮ್ಮ ಹಿತ್ತಲಲ್ಲಿ ಎರಡು ಬಿದ್ದಿವೆ. ಬರುವಾಗ ಕಿತ್ತುಹೋದ ಕವರುಗಳನ್ನೂ ತಗೊಂಡು ಬಾ, ಅಂಟಿಸಿ ಕೊಡುತ್ತೇನೆ.