ಆನ್‌ಲೈನ್ ಹರಾಜಿನಲ್ಲಿ ಹಣ ಕಟ್ಟದ ಖರೀದಿದಾರ: ಮರುಮಾರಾಟಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಮಂಗಳೂರಿನ ಮೀನುಗಾರಿಕಾ ದಕ್ಕೆಯಲ್ಲಿ ಬೆಳಗಿನ ಜಾವ ನಡೆಯುವ ಹರಾಜಿನಲ್ಲಿ ಬೆಲೆ ಕೂಗಿದವನು ಯಾರು, ಅವನ ಹಳೆಯ ಬಾಕಿ ಎಷ್ಟು ಎಂಬುದು ಸುತ್ತ ನಿಂತವರಿಗೆಲ್ಲ ತಿಳಿದಿರುತ್ತದೆ. ಮಾತಿಗೆ ತಪ್ಪಿದವನಿಗೆ ಮರುದಿನ ಅಲ್ಲಿ ಮುಖ ತೋರಿಸುವುದೇ ಕಷ್ಟ. ಆನ್‌ಲೈನ್ ಹರಾಜಿನಲ್ಲಿ ಈ ಅಂಕುಶವಿಲ್ಲ. ಬೈಕಂಪಾಡಿಯ ಘಟಕವೊಂದು ಮಾರಾಟಕ್ಕಿಟ್ಟ ಹಳೆಯ ಜನರೇಟರಿಗೆ ಅತಿ ಹೆಚ್ಚಿನ ಬಿಡ್ ಸಲ್ಲಿಸಿದವನು ದೂರದ ರಾಜಕೋಟೆಯಲ್ಲಿರಬಹುದು. ಹರಾಜು ಮುಗಿದ ಬಳಿಕ ಅವನ ದೂರವಾಣಿಯೇ ಮೌನವಾಗಬಹುದು.

ಭಾರತದಲ್ಲಿ ಆನ್‌ಲೈನ್ ಹರಾಜನ್ನು ಜನಸಾಮಾನ್ಯರಿಗೆ ಪರಿಚಯಿಸಿದ ಬಾಝೀ ಡಾಟ್ ಕಾಮ್ ಸಂಸ್ಥೆಯನ್ನು 2004ರಲ್ಲಿ ಇ-ಬೇ ಖರೀದಿಸಿತು. ಇ-ಬೇಯ ಭಾರತೀಯ ಜಾಲತಾಣ 2018ರಲ್ಲಿ ಸ್ಥಗಿತಗೊಂಡಿತು. ಆದರೆ ಹರಾಜಿನ ಪದ್ಧತಿ ನಿಲ್ಲಲಿಲ್ಲ. ಸಾರ್ವಜನಿಕ ರಂಗದ ಉದ್ಯಮಗಳು ಗುಜರಿ ಹಾಗೂ ನಿರುಪಯುಕ್ತ ಯಂತ್ರಗಳನ್ನು ಎಂಎಸ್‌ಟಿಸಿ ಮೂಲಕ ಇ-ಹರಾಜು ಮಾಡುತ್ತಿವೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳಿಗೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. ಖಾಸಗಿ ಘಟಕಗಳೂ ಇದೇ ಹಾದಿ ಹಿಡಿದಿವೆ.

ಹಣ ಬಾರದಿದ್ದಾಗ ಹೆಚ್ಚಿನ ಮಾರಾಟಗಾರರು ಮಾಡುವುದು ಒಂದೇ: ಎರಡನೆಯ ಬಿಡ್‌ದಾರನಿಗೆ ಕರೆ ಮಾಡಿ ಸರಕನ್ನು ಕೊಟ್ಟುಬಿಡುವುದು. ವ್ಯವಹಾರದ ದೃಷ್ಟಿಯಿಂದ ಇದು ಸಹಜ. ಆದರೆ ಮೊದಲ ಬಿಡ್‌ದಾರನ ಮೇಲಿನ ಹಕ್ಕು ಬಹುಪಾಲು ಕೈತಪ್ಪುವುದೂ ಈ ಹಂತದಲ್ಲಿಯೇ.

ಉದಾಹರಣೆಗೆ, ಮೇಲಿನ ಜನರೇಟರಿಗೆ ಬಂದ ಗರಿಷ್ಠ ಬಿಡ್ 4,80,000 ರೂಪಾಯಿ ಮತ್ತು ಬಿಡ್‌ದಾರ ಕಟ್ಟಿದ ಇಸಾರು ಠೇವಣಿ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅವನು ಉಳಿದ ಹಣ ಕಟ್ಟಲಿಲ್ಲ. ಮಾರಾಟಗಾರ ಅದನ್ನು ಬೇರೊಬ್ಬನಿಗೆ 4,10,000 ರೂಪಾಯಿಗೆ ಕೊಟ್ಟ. ನಷ್ಟ 70,000 ರೂಪಾಯಿ. ಸರಕುಗಳ ಮಾರಾಟ ಅಧಿನಿಯಮ, 1930ರ 54ನೇ ಕಲಮಿನ ಪ್ರಕಾರ, ಹಾಳಾಗುವ ಸರಕನ್ನು ಹೊರತುಪಡಿಸಿ, ಮರುಮಾರಾಟದ ಉದ್ದೇಶವನ್ನು ನೋಟಿಸ್ ಮೂಲಕ ಖರೀದಿದಾರನಿಗೆ ತಿಳಿಸಿ, ಹಣ ಕಟ್ಟಲು ಸಮಂಜಸ ಕಾಲಾವಕಾಶ ನೀಡಿದ ನಂತರವೇ ಸರಕನ್ನು ಮಾರಬೇಕು. ಹಾಗೆ ಮಾಡಿದ್ದರೆ ಠೇವಣಿ ಕಳೆದು ಉಳಿಯುವ 50,000 ರೂಪಾಯಿಯನ್ನು ಪರಿಹಾರವಾಗಿ ಕೇಳಬಹುದಿತ್ತು. ನೋಟಿಸ್ ಕೊಡದೆ ಮಾರಿದರೆ ಈ ಹಕ್ಕಿಲ್ಲ. ಇಷ್ಟೇ ಅಲ್ಲ: ಅದೇ ಜನರೇಟರ್ 5,20,000 ರೂಪಾಯಿಗೆ ಹೋಗಿದ್ದರೆ, ಹೆಚ್ಚುವರಿ 40,000 ರೂಪಾಯಿ ಲಾಭಕ್ಕೆ ಹಣ ಕಟ್ಟದ ಖರೀದಿದಾರನೇ ಹಕ್ಕುದಾರನಾಗುತ್ತಾನೆ! ನೋಟಿಸ್ ಕೊಟ್ಟಿದ್ದರೆ ಆ ಲಾಭ ಮಾರಾಟಗಾರನದು. ಒಂದು ಇ-ಮೇಲ್ ಹಾಗೂ ಒಂದು ನೋಂದಾಯಿತ ಅಂಚೆಯ ಖರ್ಚು ಉಳಿಸಲು ಹೋಗಿ ಇಷ್ಟು ದೊಡ್ಡ ಹಕ್ಕನ್ನು ಬಿಟ್ಟುಕೊಡುವವರು ಕಡಿಮೆಯೇನಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರಕಿನ ಒಡೆತನ ಖರೀದಿದಾರನಿಗೆ ವರ್ಗವಾಗಿದ್ದರೆ ಮಾತ್ರ 54ನೇ ಕಲಮಿನ ಮರುಮಾರಾಟದ ಹಕ್ಕು ಹುಟ್ಟುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಅಂಬಲವಾಣ ಚೆಟ್ಟಿಯಾರ್ ಮತ್ತು ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ನಡುವಣ ಪ್ರಕರಣದಲ್ಲಿ ತೀರ್ಮಾನಿಸಿದೆ. 'ಪೂರ್ಣ ಹಣ ಸಂದಾಯವಾಗುವವರೆಗೆ ಒಡೆತನ ಮಾರಾಟಗಾರನದೇ' ಎಂಬ ಷರತ್ತನ್ನು ಅನೇಕರು ರಕ್ಷಾಕವಚವೆಂದು ಹಾಕಿಕೊಳ್ಳುತ್ತಾರೆ. ಆಗ ಸರಕನ್ನು ತಡೆಹಿಡಿಯುವ ಹಕ್ಕು ಗಟ್ಟಿಯಾಗುತ್ತದೆ, ನಿಜ. ಆದರೆ ನಷ್ಟವನ್ನು ಮರುಮಾರಾಟದ ಬೆಲೆಯಿಂದಲ್ಲ, ಕರಾರು ಮುರಿದ ದಿನದ ಮಾರುಕಟ್ಟೆ ಬೆಲೆಯಿಂದ ಸಿದ್ಧಪಡಿಸಬೇಕಾಗುತ್ತದೆ. ಹಳೆಯ ಯಂತ್ರಕ್ಕೆ ಮಾರುಕಟ್ಟೆ ಬೆಲೆಯೆಂಬುದು ಎಲ್ಲಿದೆ? ಆದ್ದರಿಂದ ಆ ಷರತ್ತಿನ ಜೊತೆಯಲ್ಲೇ, ಹಣ ಕಟ್ಟದಿದ್ದರೆ ಬಿಡ್‌ದಾರನ ಹೊಣೆ ಮತ್ತು ಖರ್ಚಿನಲ್ಲಿ ಮರುಮಾರಾಟ ಮಾಡಿ ವ್ಯತ್ಯಾಸವನ್ನು ಅವನಿಂದ ವಸೂಲು ಮಾಡಲಾಗುವುದು ಎಂಬ ವಾಕ್ಯವನ್ನು ಹರಾಜಿನ ಷರತ್ತುಗಳಲ್ಲಿ ಸೇರಿಸುವುದು ಉಚಿತ.

ಷರತ್ತುಗಳಲ್ಲಿ ಸ್ಪಷ್ಟವಾಗಬೇಕಾದ ಮತ್ತೊಂದು ವಿಷಯ ಕಾಲಾವಧಿ. ಹಣ ಸಂದಾಯದ ಸಮಯವು ಕರಾರಿನ ಜೀವಾಳವೆಂದು ಕಾನೂನು ತಾನಾಗಿ ಭಾವಿಸುವುದಿಲ್ಲ (11ನೇ ಕಲಂ). '7 ದಿನಗಳೊಳಗೆ, ಈ ಅವಧಿಯು ಕರಾರಿನ ಮೂಲಭೂತ ಅಂಶ' ಎಂದು ಬರೆದಿರಬೇಕು. ಮಾರಾಟ ಯಾವಾಗ ಪೂರ್ಣಗೊಂಡಿತು ಎಂಬುದೂ ಮುಖ್ಯ. ಸುತ್ತಿಗೆಯ ಏಟಿನಿಂದ ಅಥವಾ ರೂಢಿಯ ಇತರ ರೀತಿಯಿಂದ ಹರಾಜು ಮುಗಿಯುತ್ತದೆ, ಅಲ್ಲಿಯವರೆಗೆ ಬಿಡ್ ಹಿಂಪಡೆಯಬಹುದು ಎನ್ನುತ್ತದೆ 64ನೇ ಕಲಂ. ಗಣಕಯಂತ್ರದಲ್ಲಿ ಸುತ್ತಿಗೆಯಿಲ್ಲ. ಬಿಡ್ 'ಮಾರಾಟಗಾರನ ಒಪ್ಪಿಗೆಗೆ ಒಳಪಟ್ಟು' ಎಂದಿದ್ದರೆ ಒಪ್ಪಿಗೆ ಪತ್ರ ಹೋಗುವವರೆಗೆ ಕರಾರೇ ಇಲ್ಲ. ಕಟ್ಟದವನನ್ನು ತಪ್ಪಿತಸ್ಥನೆನ್ನಲೂ ಆಗದು.

ಬೆಲೆ ಏರಿಸಲು ತನ್ನವರಿಂದಲೇ ಬಿಡ್ ಹಾಕಿಸುವ ಚಾಳಿಯ ಬಗ್ಗೆ ಒಂದು ಮಾತು. ಆ 'ತನ್ನವನೇ' ಕೊನೆಗೆ ಗೆದ್ದು, ಹಣ ಕಟ್ಟದ ಖರೀದಿದಾರನ ಪಟ್ಟಿಗೆ ಸೇರುವುದುಂಟು. ನೈಜ ಖರೀದಿದಾರ ಗೆದ್ದಿದ್ದರೂ, ವಿಷಯ ಬಯಲಾದರೆ ಅವನು ಮಾರಾಟವನ್ನೇ ರದ್ದುಪಡಿಸಬಹುದು.

ಇನ್ನು ಇಸಾರು ಠೇವಣಿ. ಮುಟ್ಟುಗೋಲು ಹಾಕಿಕೊಂಡರೆ ಕೆಲಸ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1982ರಲ್ಲಿ ಹರಾಜು ಮಾಡಿದ ನಿವೇಶನವೊಂದರ ಬಿಡ್‌ದಾರರಾದ ಕೈಲಾಶ್ ನಾಥ್ ಅಸೋಸಿಯೇಟ್ಸ್ ಕಟ್ಟಿದ್ದ 78 ಲಕ್ಷ ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಂಡು, ನಂತರ ಆ ನಿವೇಶನವನ್ನು 11.78 ಕೋಟಿ ರೂಪಾಯಿಗೆ ಮಾರಿತು. ಬಿಡ್‌ದಾರರಿಂದ ಕರಾರಿನ ಉಲ್ಲಂಘನೆಯೂ ಆಗಿಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿಲ್ಲವೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಣ ಹಿಂದಿರುಗಿಸಲು ಆದೇಶಿಸಿತು. ಕರಾರು ಅಧಿನಿಯಮದ 74ನೇ ಕಲಂ ಕೊಡುವುದು ಸಮಂಜಸ ಪರಿಹಾರವನ್ನು ಮಾತ್ರ. ಮರುಹರಾಜಿನ ಶುಲ್ಕ, ದಾಸ್ತಾನು ಬಾಡಿಗೆ, ಬೆಲೆಯ ವ್ಯತ್ಯಾಸ ಇವುಗಳ ಲೆಕ್ಕಪತ್ರವನ್ನು ಕಡತದಲ್ಲಿಟ್ಟುಕೊಂಡವರ ಮುಟ್ಟುಗೋಲು ಮಾತ್ರ ನಿಶ್ಚಿಂತ.

ಬಿಡ್‌ಗಳ ದಾಖಲೆ, ಒಪ್ಪಿಗೆ ಪತ್ರ, ಇ-ಮೇಲ್‌ಗಳನ್ನು ಹರಾಜು ಮುಗಿದ ದಿನವೇ ಪಡೆದಿಡಬೇಕು. ಅವನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಬೇಕಾಗುತ್ತದೆ. 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಮಧ್ಯಂತರ ಪರಿಹಾರ ಕೋರದ ಹೊರತು, ದಾವೆಗೆ ಮುನ್ನ ಮಧ್ಯಸ್ಥಿಕೆಯ ಪ್ರಯತ್ನ ಕಡ್ಡಾಯ. ಮೇಲಿನ ಉದಾಹರಣೆಯ 50,000 ರೂಪಾಯಿಗೆ ದಾವೆ ಹೂಡಬೇಕೆ ಎಂಬುದನ್ನು, ರಾಜಕೋಟೆಯಲ್ಲಿ ವಸೂಲಾತಿಗೆ ತಗಲುವ ಖರ್ಚನ್ನು ಲೆಕ್ಕಹಾಕಿಯೇ ನಿರ್ಧರಿಸಬೇಕು.

ಕೊನೆಯದಾಗಿ ತೆರಿಗೆ. ಹಣ ಬರುವ ಮೊದಲೇ ತೆರಿಗೆ ಬಿಲ್ಲು ಕಳುಹಿಸುವ ಆತುರ ಬೇಡ. ಪ್ರೊಫಾರ್ಮಾ ಸಾಕು, ಬಿಲ್ಲು ಸರಕಿನೊಂದಿಗೆ ಹೊರಡಲಿ. ಸರಕು ಹೋಗಿ ಹಣ ಬಾರದಿದ್ದರೂ ಜಿಎಸ್‌ಟಿಯನ್ನು ಮಾರಾಟಗಾರನೇ ಕಟ್ಟಬೇಕು, ಮುಳುಗಿದ ಸಾಲಕ್ಕೆ ಅದರಲ್ಲಿ ವಿನಾಯಿತಿಯಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಹಿಡಿತವೂ ಇದೆ: ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದ ನೋಂದಾಯಿತ ಖರೀದಿದಾರ ತಾನು ಪಡೆದ ಹೂಡುವಳಿ ತೆರಿಗೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಬಾಕಿಯ ನೋಟಿಸಿನಲ್ಲಿ ಈ ವಾಕ್ಯ ಇರಲಿ. ಕರಾರು ಉಲ್ಲಂಘನೆಗಾಗಿ ಮುಟ್ಟುಗೋಲಾದ ಇಸಾರು ಠೇವಣಿಗೆ ಜಿಎಸ್‌ಟಿ ಅನ್ವಯವಾಗದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.