ತೊಗರಿಯ ಬೆಲೆಯೂ ಬೇಳೆಯ ಬೆಲೆಯೂ

2015ರ ಜನವರಿಯಲ್ಲಿ ನಾನು ಹನ್ನೊಂದು ಕ್ವಿಂಟಾಲ್ ತೊಗರಿ ಮಾರಿದೆ. ಕ್ವಿಂಟಾಲಿಗೆ 5,200 ರೂಪಾಯಿ ಸಿಕ್ಕಿತು. ಆ ಹಂಗಾಮಿನ ಬೆಂಬಲ ಬೆಲೆ 4,350 ಇದ್ದುದರಿಂದ ಖುಷಿಯಲ್ಲೇ ಮನೆಗೆ ಬಂದೆ. ಅದೇ ವರ್ಷ ದಸರೆ ಹೊತ್ತಿಗೆ ಮನೆಯ ಬೇಳೆ ತೀರಿತು. ಅಂಗಡಿಗೆ ಹೋದರೆ ಕಿಲೋಗೆ 190 ರೂಪಾಯಿ ಅಂದ. ಎರಡು ಕಿಲೋ ತರಲು ಹೋದವನು ಅರ್ಧ ಕಿಲೋ ಕಟ್ಟಿಸಿಕೊಂಡು ಬಂದೆ. ತೊಗರಿ ಬೆಳೆದವನಿಗೇ ಬೇಳೆ ಕೊಳ್ಳಲಾಗಲಿಲ್ಲವಲ್ಲ, ಇದು ಹೇಗೆ ಅಂತ ಅವತ್ತಿನಿಂದ ಲೆಕ್ಕ ಹಾಕುತ್ತ ಬಂದಿದ್ದೇನೆ. ಕೂಡುವುದು, ಭಾಗಿಸುವುದು ಬಂದರೆ ಸಾಕು, ಈ ಲೆಕ್ಕಕ್ಕೆ ಹೆಚ್ಚಿನ ಓದು ಬೇಡ.

ಮೊದಲು ಬೇಳೆಯ ಲೆಕ್ಕ ನೋಡೋಣ. ನೂರು ಕಿಲೋ ತೊಗರಿ ಮಿಲ್ಲಿಗೆ ಹಾಕಿದರೆ 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು. ಅದು ದನಕ್ಕೆ ಹೋಗುತ್ತದೆ, ಅದಕ್ಕೂ ಬೆಲೆ ಉಂಟು. ಮನೆಯಲ್ಲಿ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದರೆ ಇನ್ನೂ ಸ್ವಲ್ಪ ಕಡಿಮೆ. ನಾನು 72 ಅಂತ ಹಿಡಿಯುತ್ತೇನೆ. ಪೇಟೆಯಲ್ಲಿ ತೊಗರಿಗೆ 7,200 ಇದ್ದರೆ ಅದನ್ನು 72ರಿಂದ ಭಾಗಿಸಿ, ಕಿಲೋ ಬೇಳೆಯ ಅಸಲು ನೂರು ರೂಪಾಯಿ. ಇದರ ಮೇಲೆ ಮಿಲ್ಲಿನ ಕೂಲಿ, ಚೀಲ, ಲಾರಿ, ದಲ್ಲಾಳಿ, ಅಂಗಡಿಯವನ ಲಾಭ ಸೇರಿ ಇಪ್ಪತ್ತೋ ಮೂವತ್ತೋ ಕೂಡುವುದು ನ್ಯಾಯವೇ. ಅದಕ್ಕಿಂತ ಬಹಳ ಮೇಲೆ ಹೋದರೆ ಹಣ ಬೇರೆಲ್ಲೋ ನಿಂತಿದೆ ಅಂತ ತಿಳಿಯಬೇಕು.

ನನ್ನ 5,200ರ ತೊಗರಿಗೆ ಈ ಲೆಕ್ಕ ಹಾಕಿದೆ. ಅಸಲು 72 ರೂಪಾಯಿ. ನಾನು ಕೊಟ್ಟದ್ದು 190. ಎಲ್ಲಾ ದಲ್ಲಾಳಿಯೇ ತಿಂದ ಅಂತ ಮೊದಲು ಅಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ. ಅಕ್ಟೋಬರಿನಲ್ಲಿ ಪೇಟೆಯಲ್ಲಿ ತೊಗರಿಯ ಬೆಲೆಯೇ ಹತ್ತು ಸಾವಿರ ದಾಟಿತ್ತು. ಆದರೆ ಆಗ ತೊಗರಿ ಇದ್ದದ್ದು ಯಾರ ಹತ್ತಿರ? ನಮ್ಮ ಹತ್ತಿರ ಇರಲಿಲ್ಲ. ನಾವು ಜೂನ್-ಜುಲೈನಲ್ಲಿ ಬಿತ್ತಿ, ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡಿ, ಸಾಲ ತೀರಿಸಲು ಫೆಬ್ರವರಿಯೊಳಗೆ ಮಾರುವವರು. ಬೇಳೆ ತುಟ್ಟಿಯಾಗುವುದು ಆಗಸ್ಟಿನಿಂದ ನವೆಂಬರಿನ ತನಕ. ನಮ್ಮ ಬೆಲೆಗೂ ತಿನ್ನುವವರ ಬೆಲೆಗೂ ನಡುವೆ ಎಂಟು ತಿಂಗಳ ಅಂತರ.

ಸರ್ಕಾರಕ್ಕೆ ಕೂಗು ಕೇಳುವುದು ಬೇಳೆ ತುಟ್ಟಿಯಾದಾಗ. ಆಗ ಆಮದು ಬಿಡುತ್ತಾರೆ, ದಾಸ್ತಾನಿಗೆ ಮಿತಿ ಹಾಕುತ್ತಾರೆ, ಗೋದಾಮಿನ ಮೇಲೆ ದಾಳಿ ಮಾಡುತ್ತಾರೆ. ತಿನ್ನುವ ಬಡವನಿಗೆ ಬೇಳೆ ಸಿಗಬೇಕು, ಅದನ್ನು ಬೇಡ ಅನ್ನುವವನಲ್ಲ ನಾನು. ವರ್ಷದ ಎಂಟು ತಿಂಗಳು ನಾನೂ ತಿನ್ನುವವನೇ. ಆದರೆ ಈ ಹುಕುಮುಗಳ ಫಲ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಬಂದಾಗ ನಮ್ಮ ರಾಶಿಯ ಕಾಲ.

2016-17ರ ಕತೆ ಇದಕ್ಕೆ ಸರಿಯಾದ ಉದಾಹರಣೆ. ಹಿಂದಿನ ವರ್ಷದ ಬೆಲೆ ಕಂಡ ರೈತರು ಹತ್ತಿ, ಜೋಳ ಬಿಟ್ಟು ತೊಗರಿ ಹಾಕಿದರು. ಸರ್ಕಾರವೂ ಬೆಂಬಲ ಬೆಲೆಯನ್ನು ಬೋನಸ್ ಸೇರಿಸಿ 5,050ಕ್ಕೆ ಏರಿಸಿತು. ಅದೇ ಬಿತ್ತನೆಯ ಕಾಲದಲ್ಲಿ, 2016ರ ಜುಲೈನಲ್ಲಿ, ಮೊಜಾಂಬಿಕ್ ದೇಶದಿಂದ ಐದು ವರ್ಷ ಬೇಳೆಕಾಳು ತರಿಸುವ ಒಪ್ಪಂದವೂ ಆಯಿತು, ವರ್ಷಕ್ಕೆ ಒಂದು ಲಕ್ಷ ಟನ್ನಿನಿಂದ ಎರಡು ಲಕ್ಷ ಟನ್ನಿನವರೆಗೆ. ಒಂದು ಕೈಯಲ್ಲಿ ನಮಗೆ ಬಿತ್ತು ಅಂದರು, ಇನ್ನೊಂದು ಕೈಯಲ್ಲಿ ಹೊರಗಿನವರಿಗೂ ಬಿತ್ತು ಅಂದರು. ಮಳೆ ಚೆನ್ನಾಗಾಯಿತು. ಹಿಂದಿನ ವರ್ಷ ದೇಶದಲ್ಲಿ ಸುಮಾರು 25 ಲಕ್ಷ ಟನ್ ಇದ್ದ ತೊಗರಿ ಆ ವರ್ಷ 48 ಲಕ್ಷ ಟನ್ ಆಯಿತು. ಪೇಟೆಯಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ನಾನು ನಾಲ್ಕು ರಾತ್ರಿ ಬಂಡಿಯ ಕೆಳಗೆ ಮಲಗಿದೆ. ಗೋಣಿಚೀಲ ಇಲ್ಲ ಅಂದರು. ಅರ್ಧ ಮಾಲು ಅಲ್ಲಿ ಕೊಟ್ಟೆ, ಅರ್ಧ ಹೊರಗೆ 4,300ಕ್ಕೆ ಹೋಯಿತು.

ಆಮೇಲೆ ಏನಾಯಿತು ನೋಡಿ. ಆಮದಿನ ಮೇಲೆ ನೂರಕ್ಕೆ ಹತ್ತರ ಸುಂಕ ಬಂದದ್ದು 2017ರ ಮಾರ್ಚಿಯಲ್ಲಿ. ಆಮದಿಗೆ ಎರಡು ಲಕ್ಷ ಟನ್ನಿನ ಮಿತಿ ಬಂದದ್ದು ಆಗಸ್ಟಿನಲ್ಲಿ. 2006ರಿಂದ ಇದ್ದ ರಫ್ತು ನಿಷೇಧ ತೊಗರಿಗೆ ತೆರವಾದದ್ದು ಸೆಪ್ಟೆಂಬರಿನಲ್ಲಿ. ಮೂರೂ ನಮಗೆ ಬೇಕಾದ ಹುಕುಮುಗಳೇ. ಆದರೆ ಅಷ್ಟು ಹೊತ್ತಿಗೆ ನಮ್ಮ ಕಣ ಖಾಲಿ. ಮೇಲೆ ಹೋದ ಬೆಲೆಗೆ ರಫ್ತಿನ ಬಾಗಿಲು ಮುಚ್ಚಿದ್ದರು, ಕೆಳಗೆ ಬಿದ್ದ ಬೆಲೆಗೆ ತಡೆಯೇ ಇರಲಿಲ್ಲ.

ಮುಂದೆ ಅದೇ ಚಕ್ರ. ಬೆಲೆ ಸಿಗದೆ ಕೆಲವರು ತೊಗರಿ ಬಿಟ್ಟು ಹೆಸರು, ಹತ್ತಿಗೆ ಹೋದರು. 2021ರ ಮೇ ತಿಂಗಳಲ್ಲಿ ಆಮದಿಗೆ ಮತ್ತೆ ಬಾಗಿಲು ತೆಗೆದರು. 2022ರಲ್ಲಿ ನಮ್ಮ ಕಲಬುರಗಿ ಕಡೆ ನೆಟೆ ರೋಗ ಹೊಲಹೊಲವನ್ನೇ ಒಣಗಿಸಿತು, 2023ರ ಆಗಸ್ಟ್ ಮಳೆಯಿಲ್ಲದೆ ಹೋಯಿತು. ತೊಗರಿ ಹತ್ತು ಸಾವಿರ ದಾಟಿತು. 2024ರ ಜೂನಿನಲ್ಲಿ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಅಂತ ದಾಸ್ತಾನಿನ ಮಿತಿ ಬಂತು. ವ್ಯಾಪಾರಿ ಹೆಚ್ಚು ಇಡುವಂತಿಲ್ಲ ಎಂದರೆ ಹೆಚ್ಚು ಕೊಳ್ಳುವುದೂ ಇಲ್ಲ. ಮಿತಿ ಮುಗಿದ ಮೇಲೂ ಆ ಅಂಜಿಕೆ ಪೇಟೆಯಲ್ಲಿ ಉಳಿಯುತ್ತದೆ. 2024-25ರಲ್ಲಿ ಹೊರಗಿನಿಂದ ಬಂದ ತೊಗರಿ ಹತ್ತು ಲಕ್ಷ ಟನ್ ದಾಟಿತು. 2025ರ ಆರಂಭಕ್ಕೆ ನಮ್ಮ ಪೇಟೆಯಲ್ಲಿ ಬೆಲೆ ಆ ಹಂಗಾಮಿನ ಬೆಂಬಲ ಬೆಲೆ 7,550ರ ಕೆಳಗೇ ಇತ್ತು.

ನನ್ನ ತಿಳುವಳಿಕೆಯಲ್ಲಿ ಇದರ ಗಂಟು ಇಲ್ಲಿದೆ. ಜನವರಿಯಲ್ಲಿ ರೈತನಿಗೆ ಬೆಲೆ ಸಿಗದಿದ್ದರೆ ಜೂನಿನಲ್ಲಿ ಅವನು ತೊಗರಿ ಹಾಕುವುದಿಲ್ಲ, ಅದರ ಮುಂದಿನ ದಸರೆಗೆ ಪಟ್ಟಣದವರು ತುಟ್ಟಿ ಬೇಳೆ ತಿನ್ನುತ್ತಾರೆ. ನಮ್ಮ ಸೋವಿಯೇ ಅವರ ತುಟ್ಟಿ. ಆದ್ದರಿಂದ ಆಮದು ಎಷ್ಟು, ಸುಂಕ ಎಷ್ಟು ಅನ್ನುವುದನ್ನು ಬಿತ್ತನೆಗೆ ಮುಂಚೆ ಮೇ ತಿಂಗಳಲ್ಲೇ ಹೇಳಿ ಏಪ್ರಿಲ್ ತನಕ ಬದಲಿಸಬಾರದು. ಹೊರಗಿನ ಮಾಲು ಜುಲೈಯಿಂದ ನವೆಂಬರಿನೊಳಗೆ ಬಂದರೆ ತಿನ್ನುವವರಿಗೂ ಆಗುತ್ತದೆ, ನಮಗೂ ಪೆಟ್ಟಿಲ್ಲ. ರಾಶಿಯ ಮೂರು ತಿಂಗಳು ಖರೀದಿ ಕೇಂದ್ರ ನಿಜವಾಗಿ ತೆರೆದಿರಬೇಕು. ಆಗ ಕೊಂಡ ತೊಗರಿಯನ್ನೇ ಬೇಳೆ ಮಾಡಿಸಿ ದಸರೆಗೆ ರೇಷನ್ ಅಂಗಡಿಯಲ್ಲಿ ಕೊಟ್ಟರೆ ಹಡಗು ಕಾಯುವ ಕೆಲಸವೇ ಕಡಿಮೆ.

ಅದು ಆಗುವ ತನಕ ನಾವು ಮಾಡಬಹುದಾದದ್ದು ಸ್ವಲ್ಪವೇ. ನಾನೀಗ ವರ್ಷದ ಬೇಳೆಗೆ ಒಂದೂವರೆ ಕ್ವಿಂಟಾಲ್ ಮೊದಲೇ ತೆಗೆದಿಟ್ಟು ಉಳಿದದ್ದನ್ನು ಮಾರುತ್ತೇನೆ. ಅದನ್ನೂ ಹಿಡಿಗಾಳಾಗಿ ಇಡುವುದಿಲ್ಲ, ಹುಳ ಬೀಳುತ್ತದೆ. ಒಡೆದ ಬೇಳೆಗೆ ಆ ಹುಳದ ಕಾಟ ಬಹಳ ಕಡಿಮೆ. ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿಸಿ, ಬೇಳೆ ಮಾಡಿ, ಗಾಳಿಯಾಡದ ಒಳಚೀಲದಲ್ಲಿ ಕಟ್ಟುತ್ತೇವೆ. ಮಾರುವ ಮಾಲಿನಲ್ಲಿ ಮೂರನೇ ಒಂದು ಭಾಗವನ್ನು ನೋಂದಾಯಿತ ಗೋದಾಮಿನಲ್ಲಿಟ್ಟು ರಸೀದಿಯ ಮೇಲೆ ಸಾಲ ತೆಗೆಯಬಹುದು. ಪೂರ್ತಿ ಮಾತ್ರ ಇಡಬೇಡಿ. 2016ರಲ್ಲಿ ಒಂಬತ್ತು ಸಾವಿರ ಸಾಲದು ಅಂತ ತೊಗರಿ ಇಟ್ಟುಕೊಂಡ ನಮ್ಮೂರಿನ ಒಬ್ಬರು ಮರುವರ್ಷ ಅದರ ಅರ್ಧಕ್ಕೆ ಮಾರಿದರು.

ಈ ತಿಂಗಳು ನಿಮ್ಮ ಪೇಟೆಯ ತೊಗರಿ ಬೆಲೆಯನ್ನೂ ನಿಮ್ಮೂರ ಅಂಗಡಿಯ ಬೇಳೆ ಬೆಲೆಯನ್ನೂ ಒಂದೇ ದಿನ ಬರೆದಿಟ್ಟುಕೊಳ್ಳಿ. 72ರಿಂದ ಭಾಗಿಸಿ ನೋಡಿ, ಬಂದ ಅಂತರವನ್ನು ಪತ್ರಿಕೆಗೆ ಕಾರ್ಡಿನಲ್ಲಿ ಬರೆದು ಕಳಿಸಿ. ಬೇರೆ ಬೇರೆ ತಾಲೂಕಿನ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಆಸೆ.