ಕೆಲಸಕ್ಕೆ ಮರಳಿದ ಬಾಣಂತಿಗೆ ದಿನಕ್ಕೆರಡು ಬಿಡುವು, ಸಂಬಳ ಸಹಿತ

ಹೆರಿಗೆ ರಜೆ 26 ವಾರ ಎಂಬುದು ಈಗ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಆದರೆ ರಜೆ ಮುಗಿಸಿ ಕೆಲಸಕ್ಕೆ ಬಂದ ತಾಯಿಗೆ ಮಗುವಿನ 15ನೇ ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಡಲೇಬೇಕು ಎಂಬುದನ್ನು ಬಲ್ಲವರು ಕಡಿಮೆ. ಇದು ಹೊಸ ಸವಲತ್ತಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 11ನೇ ಕಲಮಿನಲ್ಲೇ ಇತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರ 66ನೇ ಕಲಮು ಹಳೆಯ ಮಾತನ್ನೇ ಮತ್ತೆ ಹೇಳುತ್ತದೆ. ಅರುವತ್ತು ವರ್ಷ ದಾಟಿದ ಹಕ್ಕೊಂದು ಎಷ್ಟೋ ಕಚೇರಿಗಳ ನಿಯಮ ಪುಸ್ತಕದಲ್ಲಿ ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಈ ಹಕ್ಕನ್ನು ಮುಂದೂಡಲು ಬರುವುದಿಲ್ಲ ಎಂಬುದನ್ನು ಮೇಲಧಿಕಾರಿಗಳು ಮೊದಲು ತಿಳಿಯಬೇಕು. ಎದೆಹಾಲು ಹೊತ್ತುಹೊತ್ತಿಗೆ ಖಾಲಿಯಾಗುತ್ತಿದ್ದರೆ ಮಾತ್ರ ಮತ್ತೆ ಊರುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ತಾಯಿ ನಡುವೆ ಒಮ್ಮೆಯೂ ಹಾಲು ತೆಗೆಯದಿದ್ದರೆ ಎದೆ ಬಿಗಿಯುತ್ತದೆ, ಗಂಟು ಕಟ್ಟುತ್ತದೆ, ಕೆಲವರಿಗೆ ಸೋಂಕಾಗಿ ಜ್ವರ ಏರುತ್ತದೆ. ಹಾಗೆಯೇ ಮುಂದುವರಿದರೆ ಹಾಲು ಕಡಿಮೆಯಾಗುತ್ತಾ ಬತ್ತುತ್ತದೆ. ‘ಈ ಪ್ರಾಜೆಕ್ಟ್ ಮುಗಿಯಲಿ, ಮುಂದಿನ ತಿಂಗಳು ನೋಡೋಣ’ ಎಂದರೆ ಕೇಳಲು ಸೌಮ್ಯವಾಗಿರುತ್ತದೆ, ಆದರೆ ಪರಿಣಾಮದಲ್ಲಿ ಅದು ನಿರಾಕರಣೆಯೇ.

ರಜೆಯ ಲೆಕ್ಕವನ್ನು ಬಸಿರಿನಲ್ಲೇ ಹಾಕಿಕೊಳ್ಳಬೇಕು. ಒಟ್ಟು 26 ವಾರದಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ಪಡೆಯಬಹುದು. ಆ ಎಂಟನ್ನೂ ಮೊದಲೇ ಬಳಸಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ಮಗು ನಾಲ್ಕು ತಿಂಗಳು ದಾಟುತ್ತಿದ್ದಂತೆ ಅಮ್ಮ ಕೆಲಸಕ್ಕೆ ಹೊರಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದೊಂದಿಗೆ ಎರಡು ವರ್ಷ ಮತ್ತು ಅದಕ್ಕೂ ಮುಂದೆ. ಆರೋಗ್ಯ ಒಪ್ಪುವುದಾದರೆ, ವೈದ್ಯರೂ ಒಪ್ಪಿದರೆ, ಹೆರಿಗೆಗೆ ಹತ್ತಿರದವರೆಗೆ ಕೆಲಸ ಮಾಡಿ ರಜೆಯನ್ನು ಮಗುವಿನ ಜೊತೆಗೆ ಉಳಿಸಿಕೊಳ್ಳುವುದು ಲಾಭ. ಈಗಾಗಲೇ ಎರಡು ಮಕ್ಕಳಿರುವ ತಾಯಿಗೆ ಸಿಗುವುದು 12 ವಾರ ಮಾತ್ರ. ಅದರಲ್ಲಿ ಆರು ವಾರ ಮೊದಲೇ ಹೋದರೆ ಆರು ವಾರದ ಕೂಸನ್ನು ಬಿಟ್ಟು ಬರಬೇಕಾಗುತ್ತದೆ. ಅಂಥವಳಿಗೆ ಹಾಲಿನ ಬಿಡುವು ಎಲ್ಲರಿಗಿಂತ ಹೆಚ್ಚು ಅಗತ್ಯ.

ಇಲ್ಲೊಂದು ವಿಷಯವನ್ನು ಗಮನಿಸಿ. ಸಂಬಳ ಸಹಿತ ಹೆರಿಗೆ ಸೌಲಭ್ಯಕ್ಕೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಎಂಬ ಷರತ್ತಿದೆ. ಹಾಲಿನ ಬಿಡುವಿನ ಕಲಮಿನಲ್ಲಿ ಆ ಷರತ್ತೂ ಇಲ್ಲ, ಎಷ್ಟನೆಯ ಮಗು ಎಂಬ ಪ್ರಶ್ನೆಯೂ ಇಲ್ಲ. ಹೆತ್ತು ಕೆಲಸಕ್ಕೆ ಮರಳಿದ ಪ್ರತಿಯೊಬ್ಬಳಿಗೂ ಎಂದೇ ಅದು ಆರಂಭವಾಗುತ್ತದೆ. ವಿಶ್ರಾಂತಿಗೆಂದು ಕೊಡುವ ವಿರಾಮವನ್ನು ಬಿಟ್ಟು, ಅದರ ಜೊತೆಗೆ ಎರಡು ಬಿಡುವು ಎಂದೂ ಸ್ಪಷ್ಟವಾಗಿದೆ. ‘ಊಟದ ಹೊತ್ತಿನಲ್ಲೇ ಮುಗಿಸಿಕೊಳ್ಳಿ’ ಎನ್ನುವುದು ಕಾನೂನಿಗೆ ವಿರುದ್ಧ. ಹೆರಿಗೆ ಸೌಲಭ್ಯಕ್ಕೆ ಅರ್ಹಳಾದ ಮಹಿಳೆಯ ದಿನದ ಸಂಬಳದಿಂದ ಈ ಬಿಡುವಿನ ಕಾರಣಕ್ಕೆ ಒಂದು ಪೈಸೆ ಹಿಡಿಯುವಂತಿಲ್ಲ ಎಂದು 69ನೇ ಕಲಮು ಹೇಳುತ್ತದೆ.

ಬಿಡುವು ಎಷ್ಟು ಹೊತ್ತು? ಅವಧಿಯನ್ನು ಕಾಯ್ದೆ ನಿಯಮಗಳಿಗೆ ಬಿಟ್ಟಿದೆ. ಗಣಿಗಳಿಗೆಂದು 1963ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ ಒಂದೊಂದು ಬಿಡುವಿಗೆ 15 ನಿಮಿಷ ಎಂದು ಗೊತ್ತು ಮಾಡಿತು. ಮಗುವನ್ನು ಬಿಟ್ಟಿರುವ ಜಾಗಕ್ಕೆ ನಡೆದುಹೋಗಿ ಬರುವ ಸಮಯ ಅದಕ್ಕೆ ಸೇರುತ್ತಿತ್ತು. ಈ ಒಂದು ವಿವರದಿಂದಲೇ ಕಾನೂನು ಯಾರನ್ನು ನೆನೆದು ಬರೆದದ್ದೆಂದು ತಿಳಿಯುತ್ತದೆ. ಕೂಸು ಕೆಲಸದ ಜಾಗದ ಪಕ್ಕದಲ್ಲೇ ಇದೆ, ತಾಯಿ ನಡೆದುಹೋಗಿ ಹಾಲು ಕೊಟ್ಟು ಬರುತ್ತಾಳೆ. ಇಂದಿನ ಸ್ಥಿತಿಯೇ ಬೇರೆ. ಮಗು ತುಮಕೂರಿನಲ್ಲಿ ಅಜ್ಜಿಯ ಮಡಿಲಲ್ಲಿ, ತಾಯಿ ಬೆಂಗಳೂರಿನ ವೈಟ್‌ಫೀಲ್ಡಿನ ಏಳನೇ ಮಹಡಿಯಲ್ಲಿ. ಅವಳ ಚೀಲದಲ್ಲಿ ಪಂಪ್, ಎರಡು ಬಾಟಲಿ, ಐಸ್ ಪ್ಯಾಕ್. ‘ಮಗು ಇಲ್ಲಿಲ್ಲವಲ್ಲ, ಹಾಲೂಡಿಸುವ ಬಿಡುವು ನಿಮಗೇಕೆ?’ ಎಂದು ಮಾನವ ಸಂಪನ್ಮೂಲ ವಿಭಾಗ ಕೇಳಿದರೆ ಏನೆನ್ನಬೇಕು?

ಕಲಮಿನಲ್ಲಿ ಪಂಪ್ ಎಂಬ ಮಾತಿಲ್ಲ, ನಿಜ. ಆದರೆ ಇಂಥ ಕಾನೂನನ್ನು ಓದುವ ಬಗೆಯನ್ನು ಸುಪ್ರೀಂ ಕೋರ್ಟ್ 1977ರಲ್ಲೇ ತೋರಿಸಿದೆ. ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದ ಆದೇಶದಿಂದ ಹುಟ್ಟಿದ ಬಿ. ಷಾ ಪ್ರಕರಣದಲ್ಲಿ, ಹೆರಿಗೆ ಸೌಲಭ್ಯ ಕಾಯ್ದೆ ಸಾಮಾಜಿಕ ನ್ಯಾಯದ ಕಾಯ್ದೆ, ದುಡಿಯುವ ಹೆಣ್ಣು ಬದುಕುವುದಷ್ಟೇ ಅಲ್ಲದೆ ಕಳೆದ ಶಕ್ತಿಯನ್ನು ಮರಳಿ ಪಡೆಯಲು ಮತ್ತು ಮಗುವಿಗೆ ಹಾಲೂಡಿಸಲು ನೆರವಾಗುವಂತೆ ಅದನ್ನು ಅರ್ಥೈಸಬೇಕು ಎಂದಿತು. ಬಿಡುವಿನ ಉದ್ದೇಶ ಮಗುವಿನ ಹೊಟ್ಟೆಗೆ ತಾಯಿಯ ಹಾಲು ಸೇರುವುದು. ಅದು ನೇರವಾಗಿ ಸೇರಲಿ, ಬಾಟಲಿಯಲ್ಲಿ ಸೇರಲಿ, ಉದ್ದೇಶ ಒಂದೇ. ನನ್ನ ಮಟ್ಟಿಗೆ ಪಂಪ್ ಹಿಡಿದು ಕೂತ ತಾಯಿ 66ನೇ ಕಲಮಿನ ಒಳಗೇ ಇದ್ದಾಳೆ. ಆದರೆ 15 ನಿಮಿಷ ಸಾಲದು. ಕೈ ತೊಳೆದು, ಪಂಪ್ ಜೋಡಿಸಿ, ಹಾಲು ತೆಗೆದು, ಮತ್ತೆ ತೊಳೆದಿಡಲು ಅರ್ಧ ಗಂಟೆ ಬೇಕು. ಕಾನೂನು ಹೇಳುವುದು ಕನಿಷ್ಠ. ಅದಕ್ಕಿಂತ ಹೆಚ್ಚು ಕೊಡಲು ಮಾಲೀಕರಿಗೆ ಅಡ್ಡಿಯಿಲ್ಲ, ಕೇಳಲು ನಿಮಗೂ ಅಡ್ಡಿಯಿಲ್ಲ.

ಜಾಗದ ವಿಷಯದಲ್ಲಿ ನಮ್ಮ ಕಾನೂನು ದುರ್ಬಲ. ಅಮೆರಿಕದಲ್ಲಿ ಕೆಲಸದಲ್ಲಿರುವ ಕನ್ನಡತಿಯರಿಗೆ 2022ರ ಡಿಸೆಂಬರಿನಲ್ಲಿ ಬಂದ ಪಂಪ್ ಕಾಯ್ದೆಯ ಪರಿಚಯ ಇರುತ್ತದೆ. ಮಗುವಿಗೆ ಒಂದು ವರ್ಷವಾಗುವವರೆಗೆ ಹಾಲು ತೆಗೆಯಲು ಸಮಯ ಕೊಡಬೇಕು, ಜಾಗ ಶೌಚಾಲಯ ಆಗಿರಕೂಡದು, ಯಾರ ಕಣ್ಣಿಗೂ ಬೀಳದಂತಿರಬೇಕು, ಯಾರೂ ಒಳನುಗ್ಗುವಂತಿರಬಾರದು ಎಂದು ಅದರಲ್ಲಿ ಬರೆದಿದೆ. ಆದರೆ ಆ ಸಮಯಕ್ಕೆ ಸಂಬಳ ಕೊಡಲೇಬೇಕೆಂದು ಎಲ್ಲ ಸಂದರ್ಭದಲ್ಲೂ ಅದು ಹೇಳುವುದಿಲ್ಲ. ನಮ್ಮಲ್ಲಿ ಸಂಬಳ ಭದ್ರ, ಅವಧಿಯೂ 15 ತಿಂಗಳವರೆಗೆ. ಜಾಗ ಹೇಗಿರಬೇಕೆಂಬ ಮಾತು 66ನೇ ಕಲಮಿನಲ್ಲಿ ಇಲ್ಲ. ಹಾಗಾಗಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಶೌಚಾಲಯದಲ್ಲಿ ಕೂತು ಮಗುವಿನ ಆಹಾರ ತಯಾರಿಸುತ್ತಿದ್ದಾರೆ. ಯಾವ ಕಂಪನಿಯೂ ತನ್ನ ಕ್ಯಾಂಟೀನಿನ ಅಡುಗೆಯನ್ನು ಅಲ್ಲಿ ಮಾಡಿಸುವುದಿಲ್ಲ.

ಈ ಕೊರತೆ ತುಂಬಲು ನ್ಯಾಯಾಲಯಗಳ ಮಾತು ನೆರವಿಗೆ ಬರುತ್ತದೆ. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ, ಆಸ್ಪತ್ರೆಯಿಂದ ಕಳುವಾಗಿದ್ದ ಮಗುವೊಂದರ ಪ್ರಕರಣದಲ್ಲಿ, ಎದೆಹಾಲುಣಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್. 2025ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿ, ಶಿಶುಪಾಲನಾ ಕೊಠಡಿ ಇರಬೇಕೆಂಬ ಕೇಂದ್ರದ 2024ರ ಸಲಹಾಪತ್ರವನ್ನು ರಾಜ್ಯಗಳು ಜಾರಿ ಮಾಡಬೇಕು ಎಂದಿತು. ಸಾರ್ವಜನಿಕ ಜಾಗದಲ್ಲಾಗಲಿ ಕೆಲಸದ ಜಾಗದಲ್ಲಾಗಲಿ ಹಾಲೂಡಿಸುವುದನ್ನು ಕಳಂಕವೆಂಬಂತೆ ಕಾಣಬಾರದು ಎಂದೂ ನೆನಪಿಸಿತು. ಸರ್ಕಾರಿ ಕಚೇರಿಯಲ್ಲಿ ಕೊಠಡಿ ಕೇಳುವಾಗ ಈ ತೀರ್ಪನ್ನು ಹೆಸರಿಸಿಯೇ ಕೇಳಿ. ರಾಜ್ಯ ಸರ್ಕಾರಿ ನೌಕರರಿಗೆ ಹೆರಿಗೆ ರಜೆಯಲ್ಲದೆ ಇಡೀ ಸೇವಾವಧಿಯಲ್ಲಿ ಒಟ್ಟು 180 ದಿನ ಶಿಶುಪಾಲನಾ ರಜೆ 2021ರಿಂದ ಇದೆ ಎಂಬುದೂ ನೆನಪಿರಲಿ.

ಐವತ್ತು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. 2017ರ ತಿದ್ದುಪಡಿಯಿಂದ ಬಂದ ಈ ನಿಯಮ ಈಗ ಸಂಹಿತೆಯ 67ನೇ ಕಲಮು. ‘ನಮ್ಮಲ್ಲಿ ಹೆಂಗಸರೇ ಎಂಟು ಜನ’ ಎಂಬ ಉತ್ತರಕ್ಕೆ ಬೆಲೆಯಿಲ್ಲ, ಏಕೆಂದರೆ ಲೆಕ್ಕ ಎಲ್ಲ ಉದ್ಯೋಗಿಗಳದ್ದು, ಗಂಡಸರೂ ಸೇರಿ. ಮಾಲೀಕರು ಸ್ವತಃ ನಡೆಸಬಹುದು, ಅಕ್ಕಪಕ್ಕದ ಸಂಸ್ಥೆಗಳ ಜೊತೆ ಸೇರಿ ಸಾಮಾನ್ಯ ಕೇಂದ್ರವನ್ನೂ ಬಳಸಬಹುದು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದು. ಈ ನಾಲ್ಕರಲ್ಲಿ ಮಾತ್ರ ವಿಶ್ರಾಂತಿಯ ವಿರಾಮವೂ ಸೇರಿದೆ.

ಕೇಳುವುದು ಹೇಗೆ? ಬಾಯಿಮಾತಿನಲ್ಲಿ ಬೇಡ. ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲು ಇಮೇಲ್ ಕಳಿಸಿ, ಇಲ್ಲವೇ ಪತ್ರ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಉದ್ದ ಬೇಡ, ಹೀಗಿದ್ದರೆ ಸಾಕು:

“ಮಾನ್ಯರೇ, ಹೆರಿಗೆ ರಜೆ ಮುಗಿಸಿ ಇಂಥ ದಿನಾಂಕದಂದು ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ನನ್ನ ಮಗು ಹುಟ್ಟಿದ್ದು ಇಂಥ ದಿನ. ಇಂಥ ದಿನಕ್ಕೆ ಅದಕ್ಕೆ 15 ತಿಂಗಳು ತುಂಬುತ್ತದೆ. ಸಾಮಾಜಿಕ ಭದ್ರತಾ ಸಂಹಿತೆ, 2020ರ 66ನೇ ಕಲಮಿನಂತೆ ಅಲ್ಲಿಯವರೆಗೆ ವಿಶ್ರಾಂತಿ ವಿರಾಮವಲ್ಲದೆ ದಿನಕ್ಕೆ ಎರಡು ಬಿಡುವು, ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ, ಕೋರುತ್ತೇನೆ. ಮಗುವಿಗಾಗಿ ಎದೆಹಾಲು ತೆಗೆದಿಡಲು ಒಳಗಿನಿಂದ ಚಿಲಕ ಹಾಕಬಹುದಾದ, ಸಿಸಿಟಿವಿ ಇಲ್ಲದ, ಪ್ಲಗ್ ಪಾಯಿಂಟ್ ಇರುವ ಒಂದು ಕೊಠಡಿ ಹಾಗೂ ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ ಒದಗಿಸಬೇಕೆಂದು ವಿನಂತಿ. ತಮ್ಮ ಉತ್ತರವನ್ನು ಲಿಖಿತವಾಗಿ ತಿಳಿಸಿ.”

ಕೊಠಡಿ ಎಂದರೆ ಹೊಸ ಕಟ್ಟಡವೇನಲ್ಲ. ಬಳಸದ ಮೀಟಿಂಗ್ ರೂಮ್ ಒಂದರ ಗಾಜಿಗೆ ಪರದೆ ಹಾಕಿದರೂ ಆದೀತು. ಫ್ರಿಜ್ ಕೇಳುವುದಕ್ಕೆ ಕಾರಣವಿದೆ: ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ನೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಮಾತ್ರ ಸುರಕ್ಷಿತ, ಫ್ರಿಜ್ಜಿನಲ್ಲಿ ನಾಲ್ಕು ದಿನ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಆ ನಾಲ್ಕು ಗಂಟೆಯನ್ನೂ ನಂಬುವಂತಿಲ್ಲ. ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಶಾಖನಿರೋಧಕ ಚೀಲದಲ್ಲಿ ಒಂದು ದಿನ ಇಡಬಹುದು. ಬಾಟಲಿಯ ಮೇಲೆ ದಿನಾಂಕ, ಸಮಯ ಬರೆದಿಡಿ.

ನಿಮ್ಮ ಕೆಲಸ ಮನೆಯಿಂದಲೂ ಆಗುವಂಥದ್ದಾದರೆ, ರಜೆಯ ನಂತರ ಕೆಲಕಾಲ ಹಾಗೆ ಮಾಡಲು ಸಂಹಿತೆ ಅವಕಾಶ ಕೊಟ್ಟಿದೆ. ಆದರೆ ಅದು ಇಬ್ಬರೂ ಒಪ್ಪಿದರೆ ಮಾತ್ರ. ಬಿಡುವಿನ ಹಾಗೆ ಹಕ್ಕಲ್ಲ.

ಉತ್ತರ ಬಾರದಿದ್ದರೆ, ಬಿಡುವಿನ ಹೊತ್ತಿಗೆ ಸಂಬಳ ಹಿಡಿದರೆ, ಕಾರ್ಮಿಕ ಇಲಾಖೆಗೆ ಹೋಗಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ. ಬ್ಯಾಂಕ್, ವಿಮೆ, ರೈಲ್ವೆ, ಗಣಿಗಳಲ್ಲಿ ಇರುವವರು ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ದೂರು ಕೊಡಬೇಕು. ಪತ್ರದ ಪ್ರತಿ, ಮಗುವಿನ ಜನನ ಪ್ರಮಾಣಪತ್ರ, ಸಂಬಳದ ಚೀಟಿ ಜೊತೆಗಿರಲಿ. ಹೆರಿಗೆ ಸೌಲಭ್ಯದ ಹಣ ತಡೆದಿದ್ದರೆ ವಿಚಾರಣೆ ನಡೆಸಿ ಪಾವತಿಗೆ ಆದೇಶಿಸುವ ಅಧಿಕಾರ ನಿರೀಕ್ಷಕರಿಗಿದೆ. ಸಂಹಿತೆಯ ಹೆರಿಗೆ ಸೌಲಭ್ಯದ ಅಧ್ಯಾಯದ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ, ಅಂದರೆ ನಮ್ಮಲ್ಲಿ ಕನ್ನಡದಲ್ಲಿ, ಹೆಣ್ಣುಮಕ್ಕಳು ಕೆಲಸ ಮಾಡುವ ಎಲ್ಲ ಕಡೆ ತೂಗುಹಾಕುವುದು ಮಾಲೀಕರ ಕರ್ತವ್ಯ. ಅದು ಗೋಡೆಯ ಮೇಲಿಲ್ಲದಿದ್ದರೆ ದೂರಿನಲ್ಲಿ ಅದನ್ನೂ ಬರೆಯಿರಿ.

ಹಾಲು ತೆಗೆಯುವ ವಿಷಯ ಹಿಡಿದು ಯಾರಾದರೂ ಅಶ್ಲೀಲವಾಗಿ ಮಾತಾಡಿದರೆ, ಬೇಕೆಂದೇ ಕೊಠಡಿಯೊಳಗೆ ಬಂದರೆ, ಅದು ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರಿಗೆ ವಿಷಯ. ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರೆದುಕೊಡಿ. ಚಿತ್ರ ತೆಗೆದಿದ್ದರೆ ಅದು ಅಪರಾಧ, ಪೊಲೀಸರಿಗೆ ದೂರು ಕೊಡಿ.

ವಕೀಲರ ಶುಲ್ಕಕ್ಕೆ ಅಂಜಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆಯನ್ನೂ ಮಾಡಬಹುದು. ದಿನಗೂಲಿ, ಗುತ್ತಿಗೆ ಎಂಬ ಕಾರಣಕ್ಕೆ ಹಿಂಜರಿಯಬೇಡಿ; ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಹೆಣ್ಣಾಳುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಅವರಿಗೂ ಹೆರಿಗೆ ಸೌಲಭ್ಯ ಇದೆ ಎಂದು ಹೇಳಿದೆ.

ಈ ಕಾನೂನು ಮುಟ್ಟದವರು ಬಹಳ ಜನ ಇದ್ದಾರೆ. ಹತ್ತಕ್ಕಿಂತ ಕಡಿಮೆ ಉದ್ಯೋಗಿಗಳ ಅಂಗಡಿ, ಕ್ಲಿನಿಕ್, ಹೊಲಿಗೆ ಕೇಂದ್ರದಲ್ಲಿ ಇರುವವರು, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರು 66ನೇ ಕಲಮಿನ ಹೊರಗೆ ಉಳಿಯುತ್ತಾರೆ. ಹತ್ತು ಎಂಬ ಈ ಸಂಖ್ಯೆಯನ್ನು ಹಾಲಿನ ಬಿಡುವಿನ ಮಟ್ಟಿಗಾದರೂ ತೆಗೆದುಹಾಕಬೇಕು. ದಿನಕ್ಕೆ ಎರಡು ಬಾರಿ ಹದಿನೈದು ನಿಮಿಷ ಕೊಡುವುದರಿಂದ ಯಾವ ಸಣ್ಣ ಅಂಗಡಿಯೂ ಮುಚ್ಚುವುದಿಲ್ಲ. ಅಲ್ಲಿಯವರೆಗೆ ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರು ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಇದೆಯೇ ಎಂದು ಕೇಳಲಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅದಕ್ಕಾಗಿ ಅರ್ಜಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಲಿ.